ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ದೊಡ್ಡ ನಗರಗಳ ಚರಂಡಿಗಳಿಗೆ ಚರಿತ್ರೆಯುಂಟು. ಮೊಹೆಂಜೊದಾರೊವಿನ ಇಟ್ಟಿಗೆಯ ಮೋರಿಗಳನ್ನು ಕುರಿತು, ರೋಮ್ ನಗರದ ಮಹಾಕಾಲುವೆಯನ್ನು ಕುರಿತು, 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವನ್ನು ತಾಳಲಾರದೆ ಲಂಡನ್ನಿನ ಪಾರ್ಲಿಮೆಂಟು ಮಂಜೂರು ಮಾಡಿದ ನೆಲದಡಿಯ ಕಾಲುವೆಗಳನ್ನು ಕುರಿತು ವಿದ್ವಾಂಸರು ಗ್ರಂಥಗಳನ್ನೇ ಬರೆದಿದ್ದಾರೆ. ಆದರೆ ಐನೂರೋ ಸಾವಿರವೋ ಜನರು ಬಾಳುವ ಒಂದು ಹಳ್ಳಿಯ ಕೊಳೆನೀರು ಏನಾಯಿತು, ಅದನ್ನು ಯಾರು ಯಾವ ಉಪಾಯದಿಂದ ಶುದ್ಧಿ ಮಾಡಿದರು ಎಂಬ ವಿಚಾರ ಚರಿತ್ರೆಯ ಪುಟಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಳ್ಳಿಯ ಕೊಳೆನೀರು ಒಂದು ಸಮಸ್ಯೆಯೆಂದೇ ಬಹುಕಾಲ ಯಾರೂ ಎಣಿಸಿರಲಿಲ್ಲ. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬುದು ನಮ್ಮ ಗಾದೆ. ಹೊಳೆಯಿಂದ ನೀರು ತರುವುದಕ್ಕೆ ಅಪ್ಪಣೆ ಬೇಡವಾದಂತೆ, ಬಳಸಿದ ನೀರನ್ನು ಹೊರಕ್ಕೆ ಬಿಡುವುದಕ್ಕೂ ಯಾರ ಅಪ್ಪಣೆಯೂ ಬೇಡವೆಂದು ನಾವು ನಡೆದುಕೊಂಡು ಬಂದಿದ್ದೇವೆ.

ಒಂದು ಊರು, ಅದು ಎಷ್ಟೇ ಚಿಕ್ಕದಾಗಿರಲಿ, ತನ್ನ ಕೊಳೆನೀರಿನ ವಿಷಯದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ನೀರಿನೊಡನೆ ಬಂದ ಗಟ್ಟಿ ಪದಾರ್ಥ ಎಲ್ಲಿ ನಿಲ್ಲಬೇಕು? ಉಳಿದ ನೀರನ್ನು ಯಾರು ಶುದ್ಧಿ ಮಾಡಬೇಕು? ತಳದಲ್ಲಿ ನಿಂತ ಗಸಿಯನ್ನು ಯಾರು ಎತ್ತಬೇಕು? ಕಳೆದ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯನ್ನು ನೋಡಿದರೆ, ಮೊದಲನೆಯ ಪ್ರಶ್ನೆಗೆ ಬೇಗನೆ ಉತ್ತರ ಸಿಕ್ಕಿತೆಂದು ಹೇಳಬೇಕು. ಎರಡನೆಯದಕ್ಕೆ ವಿಜ್ಞಾನ ಉತ್ತರ ಕೊಟ್ಟಿತು. ಊರುಗಳು ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡವು. ಮೂರನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಜಾತಿಯೇ ಉತ್ತರವಾಗಿ ನಿಂತಿತು. ಈ ಮೂರು ಮಾತುಗಳನ್ನು ಸ್ವಲ್ಪ ವಿಸ್ತರಿಸಿ ಹೇಳುವುದೇ ಈ ಭಾಷಣದ ಉದ್ದೇಶ.

ಹಿಂದಿನ ಕಾಲದ ನಮ್ಮ ಹಳ್ಳಿಯ ಮನೆಯನ್ನು ನೆನೆಯಿರಿ. ನೀರು ಬಾವಿಯಿಂದಲೋ ಕೆರೆಯಿಂದಲೋ ಹೆಂಗಸರ ತಲೆಯ ಮೇಲೆ, ಸೊಂಟದ ಮೇಲೆ, ಕೊಡಗಳಲ್ಲಿ ಬರುತ್ತಿತ್ತು. ಹೊತ್ತು ತಂದ ನೀರನ್ನು ಯಾರೂ ಚೆಲ್ಲಾಡುವುದಿಲ್ಲ. ಅಕ್ಕಿ ತೊಳೆದ ನೀರು, ಪಾತ್ರೆಯ ಮುಸುರೆ ದನಗಳ ಕಲಗಚ್ಚಿಗೆ ಸೇರುತ್ತಿತ್ತು. ಬಚ್ಚಲಿನಿಂದ ಹೊರಬಿದ್ದ ನೀರು ಹಿತ್ತಲಿನ ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿದು ಅಲ್ಲಿಯೇ ಇಂಗುತ್ತಿತ್ತು. ಇದನ್ನು ಶುದ್ಧೀಕರಣವೆಂದು ಯಾರೂ ಕರೆಯಲಿಲ್ಲ. ಆದರೂ ಅದು ಶುದ್ಧೀಕರಣವೇ ಆಗಿತ್ತು. ಅದು ನಡೆಯುವುದಕ್ಕೆ ಮೂರು ಕಾರಣಗಳಿದ್ದವು. ನೀರು ಕಡಮೆ, ಮಣ್ಣು ಧಾರಾಳ, ಒಂದು ಸ್ನಾನಕ್ಕೂ ಇನ್ನೊಂದು ಸ್ನಾನಕ್ಕೂ ನಡುವೆ ನೆಲಕ್ಕೆ ಒಣಗಲು ಬಿಡುವು. ಈ ಮೂರರಲ್ಲಿ ಒಂದು ತಪ್ಪಿದರೂ ಬಾಳೆಯ ಬುಡ ಕೊಚ್ಚೆಯಾಗುತ್ತದೆ, ಸೊಳ್ಳೆಗಳ ತವರಾಗುತ್ತದೆ. ಹಾಗೆಂದು ಆ ಕಾಲವನ್ನು ಸತ್ಯಯುಗವೆಂದು ಕೊಂಡಾಡಬೇಕಾಗಿಲ್ಲ. ಜನ ಶೌಚಕ್ಕೆ ಬಯಲಿಗೆ ಹೋಗುತ್ತಿದ್ದರು. ಮಳೆ ಬಂದಾಗ ಆ ಬಯಲಿನ ನೀರು ಕುಡಿಯುವ ಕೆರೆಗೇ ಇಳಿಯುತ್ತಿತ್ತು. ವಾಂತಿಭೇದಿ ಬಂದ ವರ್ಷ ಊರಿಗೆ ಊರೇ ಬರಿದಾಗುತ್ತಿತ್ತು. ಬಚ್ಚಲ ನೀರಿನ ಮಟ್ಟಿಗೆ ಮಣ್ಣು ತನ್ನ ಕೆಲಸವನ್ನು ಮಾಡುತ್ತಿತ್ತು ಎಂಬಷ್ಟೇ ಇಲ್ಲಿ ಹೇಳಬೇಕಾದ ಮಾತು.

ಮಣ್ಣಿನ ಈ ಕೆಲಸವನ್ನು ಬುದ್ಧಿಪೂರ್ವಕವಾಗಿ ಪರೀಕ್ಷಿಸಿ ನೋಡಿದವರಲ್ಲಿ ಮೊದಲಿಗನೆನ್ನಬಹುದಾದ ಒಬ್ಬಾತ ಇಂಗ್ಲೆಂಡಿನ ಗ್ರಾಮಾಂತರದ ಪಾದ್ರಿ. ಆತನ ಹೆಸರು ಹೆನ್ರಿ ಮೋಲ್. ಡಾರ್ಸೆಟ್ ಪ್ರಾಂತದ ಡಾರ್ಚೆಸ್ಟರ್ ಪಟ್ಟಣಕ್ಕೆ ಅಂಟಿಕೊಂಡಿದ್ದ ಫಾರ್ಡಿಂಗ್ಟನ್ ಎಂಬ ಹಳ್ಳಿಯಲ್ಲಿ 1829ರಿಂದ 1880ರಲ್ಲಿ ತೀರಿಕೊಳ್ಳುವವರೆಗೆ ಆತ ಧರ್ಮಗುರುವಾಗಿದ್ದ. 1854ರಲ್ಲಿ ಲಂಡನ್ನಿನ ಮಿಲ್‌ಬ್ಯಾಂಕ್ ಸೆರೆಮನೆಯಲ್ಲಿ ಕಾಲರಾ ಹಬ್ಬಿದಾಗ ಅಲ್ಲಿನ ಕೈದಿಗಳಲ್ಲಿ ಕೆಲವರನ್ನು ಡಾರ್ಚೆಸ್ಟರಿಗೆ ಸಾಗಿಸಲಾಯಿತು. ಅವರ ಬಟ್ಟೆಗಳನ್ನು ಒಗೆಯಲು ಫಾರ್ಡಿಂಗ್ಟನ್ನಿನ ಬಡ ಅಗಸಗಿತ್ತಿಯರಿಗೆ ಕೊಟ್ಟರು. ಬಟ್ಟೆಯೊಡನೆ ಬೇನೆಯೂ ಬಂತು. ಇಕ್ಕಟ್ಟಾದ ಮನೆಗಳು, ಕೊಳೆಯೆಲ್ಲವೂ ಬಂದು ಬೀಳುವ ಗಿರಣಿಯ ಹಳ್ಳ, ಆ ಹಳ್ಳದ ದಂಡೆಯಲ್ಲೇ ಬಾಳುವ ಜನ; ಸಾವಿಗೆ ಬೇರೆ ಏನು ಬೇಕು? ಆ ಭೂಮಿ ರಾಜಮನೆತನಕ್ಕೆ ಸೇರಿದ್ದು. ಆದಕಾರಣ ಮೋಲ್ ವಿಕ್ಟೋರಿಯ ರಾಣಿಯ ಪತಿ ಆಲ್ಬರ್ಟನಿಗೇ ಪತ್ರಗಳನ್ನು ಬರೆದ. ಎಂಟು ಪತ್ರಗಳ ಆ ಸಂಗ್ರಹ 1855ರಲ್ಲಿ ಅಚ್ಚಾಯಿತು. ದೊಡ್ಡವರ ಮನಸ್ಸು ಅದರಿಂದ ಹೆಚ್ಚೇನೂ ಕರಗಲಿಲ್ಲ.

1859ರಲ್ಲಿ ಮೋಲ್ ತನ್ನ ಮನೆಯ ಕಕ್ಕಸಿನ ಗುಂಡಿಯನ್ನು ಮುಚ್ಚಿಸಿದ. ಮಲವನ್ನು ಬಕೆಟ್ಟಿನಲ್ಲಿ ಸಂಗ್ರಹಿಸಿ ತೋಟದಲ್ಲಿ ಒಂದಡಿ ಆಳದ ಕಂದಕ ತೋಡಿಸಿ ಹೂಳಿಸಿದ. ಮೂರು ನಾಲ್ಕು ವಾರಗಳು ಕಳೆದ ಮೇಲೆ ಅದೇ ಜಾಗವನ್ನು ಅಗೆಸಿ ನೋಡಿದರೆ ಹೂಳಿದ್ದರ ಕುರುಹೇ ಇಲ್ಲ! ಮಣ್ಣು ಮಣ್ಣಾಗಿಯೇ ಇತ್ತು, ದುರ್ವಾಸನೆಯಿರಲಿಲ್ಲ. ಅದೇ ಮಣ್ಣನ್ನು ಒಣಗಿಸಿ ಮತ್ತೆ ಮತ್ತೆ ಬಳಸಿದರೂ ಅದರ ಶಕ್ತಿ ಕುಂದಲಿಲ್ಲ. 1860ರಲ್ಲಿ ಈತ ಒಣಮಣ್ಣಿನ ಕಕ್ಕಸಿಗೆ ಪೇಟೆಂಟು ಪಡೆದ. ಪೀಠದ ಹಿಂದೆ ಒಣಮಣ್ಣಿನ ಪೆಟ್ಟಿಗೆ. ಹಿಡಿಯೆಳೆದರೆ ಒಂದಿಷ್ಟು ಮಣ್ಣು ಮಲದ ಮೇಲೆ ಬೀಳುತ್ತದೆ. ನೀರಿನ ಗೊಡವೆಯೇ ಇಲ್ಲ. ಶಾಲೆಗಳಲ್ಲಿ, ಸೈನ್ಯದ ಶಿಬಿರಗಳಲ್ಲಿ ಇದು ಬಳಕೆಗೆ ಬಂತು.

ಇದೇ ಒಣಮಣ್ಣಿನ ಪದ್ಧತಿಯನ್ನು ಬ್ರಿಟಿಷರು ಭಾರತದ ಸೆರೆಮನೆಗಳಿಗೂ ದಂಡುಪ್ರದೇಶಗಳಿಗೂ ತಂದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಣ್ಣನ್ನು ಒಣಗಿಸಿ ತರುವುದು, ಬಕೆಟ್ಟನ್ನು ಎತ್ತುವುದು, ಹೊತ್ತೊಯ್ದು ಹೂಳುವುದು ಮೋಲ್ ಯೋಜನೆಯ ಅನಿವಾರ್ಯ ಕೆಲಸಗಳು. ಇಂಗ್ಲೆಂಡಿನಲ್ಲಿ ಇದಕ್ಕೆ ಕೂಲಿ ಕೊಡಬೇಕಾಗಿತ್ತು. ಕೂಲಿ ದುಬಾರಿಯಾದ ಕಡೆ ಜನ ಈ ಪದ್ಧತಿಯನ್ನು ಬಿಟ್ಟರು. ನಮ್ಮಲ್ಲಿ ಆ ಕೆಲಸಕ್ಕೆಂದೇ ಹುಟ್ಟಿನಿಂದ ನಿಯಮಿತರಾದ ಮನುಷ್ಯರು ಸಿದ್ಧವಾಗಿದ್ದರು. ಆದ್ದರಿಂದ ಬಕೆಟ್ಟು ಇಲ್ಲಿ ಬಹುಕಾಲ ಉಳಿಯಿತು. ಮಣ್ಣಿನ ಗುಣವನ್ನು ಕಂಡುಕೊಂಡ ಒಂದು ಒಳ್ಳೆಯ ಉಪಾಯ ಮನುಷ್ಯನ ತಲೆಯ ಮೇಲಿನ ಹೊರೆಯಾಗಿ ನಮ್ಮ ಊರುಗಳಲ್ಲಿ ನೆಲೆಸಿತು.

ಮಣ್ಣು ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದು ಮೋಲ್‌ಗೆ ತಿಳಿದಿರಲಿಲ್ಲ. 1868ರಲ್ಲಿ ಇಂಗ್ಲೆಂಡಿನ ನದಿಗಳ ಮಾಲಿನ್ಯವನ್ನು ವಿಚಾರಿಸಲು ನೇಮಕವಾದ ಆಯೋಗದಲ್ಲಿ ಎಡ್ವರ್ಡ್ ಫ್ರಾಂಕ್‌ಲಂಡ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಆತ ಗಾಜಿನ ಕೊಳವಿಗಳಲ್ಲಿ ಮಣ್ಣು ಮರಳುಗಳನ್ನು ತುಂಬಿ ಅವುಗಳ ಮೂಲಕ ಲಂಡನ್ನಿನ ಕೊಳೆನೀರನ್ನು ಇಳಿಸಿ ನೋಡಿದ. ಎಡೆಬಿಡದೆ ನೀರು ಬಿಟ್ಟರೆ ಮಣ್ಣು ಕಟ್ಟಿಕೊಂಡು ಕೆಟ್ಟುಹೋಗುತ್ತದೆ. ಸ್ವಲ್ಪ ಬಿಟ್ಟು, ನಿಲ್ಲಿಸಿ, ಗಾಳಿಯಾಡಲು ಅವಕಾಶ ಕೊಟ್ಟು, ಮತ್ತೆ ಬಿಟ್ಟರೆ ತಿಳಿನೀರು ಹೊರಬರುತ್ತದೆ ಎಂಬುದು ಆತನಿಗೆ ಕಂಡ ಸತ್ಯ. ನಮ್ಮ ಹಿತ್ತಲಿನ ಬಾಳೆಯ ಬುಡಕ್ಕೆ ಸಿಗುತ್ತಿದ್ದ ಬಿಡುವು ಇಲ್ಲಿ ಪ್ರಯೋಗಶಾಲೆಯ ನಿಯಮವಾಯಿತು. ಆದರೂ ಇದು ಕೇವಲ ರಾಸಾಯನಿಕ ಕ್ರಿಯೆಯೆಂದೇ ಫ್ರಾಂಕ್‌ಲಂಡ್ ಭಾವಿಸಿದ್ದ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿಜ್ಞಾನಿಗಳು ಈ ಗುಟ್ಟನ್ನು ಬಿಡಿಸಿದರು. ಅವರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವಿಯಲ್ಲಿ ಕೊಳೆನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಮೊದಲ ಇಪ್ಪತ್ತು ದಿನ ನೀರಿನ ಅಮೋನಿಯ ಹಾಗೆಯೇ ಹೊರಬಂತು. ಆಮೇಲೆ ಅಮೋನಿಯ ಮರೆಯಾಗಿ ಅದರ ಬದಲು ನೈಟ್ರೇಟ್ ಕಾಣಿಸಿಕೊಂಡಿತು. ಕೇವಲ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯುವ ಅಗತ್ಯವೇನು? ಅವರು ಕೊಳವಿಯೊಳಕ್ಕೆ ಕ್ಲೋರೋಫಾರಂ ಆವಿಯನ್ನು ಬಿಟ್ಟರು, ಕ್ರಿಯೆ ನಿಂತುಹೋಯಿತು. ಆ ಆವಿಯನ್ನು ತೆಗೆದು, ತೋಟದ ಮಣ್ಣನ್ನು ಕದಡಿದ ನೀರನ್ನು ಒಂದಿಷ್ಟು ಸುರಿದರು. ಕ್ರಿಯೆ ಮತ್ತೆ ಮೊದಲಾಯಿತು. ಅರಿವಳಿಕೆಗೆ ಮಲಗಿ ಮತ್ತೆ ಏಳುವುದು ಜೀವಿಗಳ ಲಕ್ಷಣವಲ್ಲವೆ? ಕೊಳೆನೀರನ್ನು ಶುದ್ಧಿಮಾಡುವುದು ಮಣ್ಣಲ್ಲ, ಮಣ್ಣಿನಲ್ಲಿ ವಾಸಿಸುವ ಅಣುಜೀವಿಗಳು ಎಂಬುದು ಹೀಗೆ ಸ್ಥಾಪಿತವಾಯಿತು. ಅವುಗಳಿಗೆ ಉಸಿರಾಡಲು ಗಾಳಿ ಬೇಕು, ತಿಂದದ್ದನ್ನು ಅರಗಿಸಲು ಸಮಯ ಬೇಕು. ಇವೆರಡನ್ನು ಒದಗಿಸುವುದೇ ಮನುಷ್ಯನ ಪಾಲಿನ ಕೆಲಸ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಎಂಬಲ್ಲಿ 1887ರಲ್ಲಿ ಆರಂಭವಾದ ಪ್ರಯೋಗ ಕೇಂದ್ರ ಈ ತತ್ತ್ವವನ್ನು ಮರಳಿನ ಮಡಿಗಳ ರೂಪದಲ್ಲಿ ಸಣ್ಣ ಊರುಗಳಿಗೂ ಎಟಕುವಂತೆ ಮಾಡಿತು.

ಈ ಮಧ್ಯೆ ಮೊದಲನೆಯ ಪ್ರಶ್ನೆಗೆ, ಅಂದರೆ ಗಟ್ಟಿ ಪದಾರ್ಥ ಎಲ್ಲಿ ನಿಲ್ಲಬೇಕೆಂಬುದಕ್ಕೆ, ಫ್ರಾನ್ಸಿನ ಒಂದು ಚಿಕ್ಕ ಪಟ್ಟಣದಲ್ಲಿ ಉತ್ತರ ರೂಪುಗೊಂಡಿತ್ತು. ವೆಸೂಲ್ ಎಂಬ ಆ ಊರಿನಲ್ಲಿ ಲೂಯಿ ಮೂರಾಸ್ ಎಂಬಾತ 1860ರ ಸುಮಾರಿಗೆ ಮನೆಯೊಂದರ ಕೊಳೆನೀರಿಗಾಗಿ ಗಾರೆಯ ತೊಟ್ಟಿಯೊಂದನ್ನು ಕಟ್ಟಿಸಿದ. ನೀರು ಒಳಬರುವ ಕೊಳವೆ, ಹೊರಹೋಗುವ ಕೊಳವೆ ಎರಡೂ ನೀರಿನ ಮಟ್ಟಕ್ಕಿಂತ ಕೆಳಗೆ ಮುಳುಗಿದ್ದವು, ಗಾಳಿಗೆ ಪ್ರವೇಶವಿರಲಿಲ್ಲ. ಹನ್ನೆರಡು ವರ್ಷಗಳಷ್ಟು ಕಾಲ ಕಳೆದ ಮೇಲೆ ತೆರೆಸಿ ನೋಡಿದರೆ ತೊಟ್ಟಿ ತುಂಬಿರಬೇಕಾಗಿದ್ದ ಗಟ್ಟಿ ಪದಾರ್ಥ ಬಹುಮಟ್ಟಿಗೆ ಇಲ್ಲವೇ ಇಲ್ಲ. 1881ರಲ್ಲಿ ಮೂರಾಸ್ ಇದಕ್ಕೆ ಪೇಟೆಂಟು ಪಡೆದ. ಮ್ವಾನ್ಯೊ ಎಂಬ ವಿದ್ವಾಂಸ ಪಾದ್ರಿ ತನ್ನ ಪತ್ರಿಕೆಯಲ್ಲಿ ಈ ತೊಟ್ಟಿಯನ್ನು ಹೊಗಳಿ ಬರೆದ. ಆಗ ಅದಕ್ಕೆ ಕೊಟ್ಟ ಹೆಸರನ್ನು ಗಮನಿಸಿ: ತಾನೇ ತಾನಾಗಿ ಕೆಲಸ ಮಾಡುವ ಜಾಡಮಾಲಿ! ಮನುಷ್ಯನ ಕೈ ಇನ್ನು ಮುಂದೆ ಹೊಲಸನ್ನು ಮುಟ್ಟಬೇಕಾಗಿಲ್ಲವೆಂಬ ಆಶ್ವಾಸನೆ ಆ ಹೆಸರಿನಲ್ಲಿತ್ತು. ಆ ಆಶ್ವಾಸನೆ ಎಷ್ಟು ಈಡೇರಿತೆಂಬುದನ್ನು ಮುಂದೆ ನೋಡೋಣ.

ಇಂಗ್ಲೆಂಡಿನ ಎಕ್ಸೆಟರ್ ನಗರದ ಸರ್ವೇಯರ್ ಡೊನಾಲ್ಡ್ ಕ್ಯಾಮೆರಾನ್ 1895ರಲ್ಲಿ ಇಂಥದೇ ಮುಚ್ಚಿದ ತೊಟ್ಟಿಗೆ ಪೇಟೆಂಟು ಪಡೆದು, ನಗರದ ಒಂದು ಸಣ್ಣ ಭಾಗದ ಕೊಳೆನೀರನ್ನು ಅದರೊಳಗೆ ಹರಿಸಿದ. ಕೊಳೆಯಿಸುವುದು ಎಂಬರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟ. ಇಂದು ನಮ್ಮ ಹಳ್ಳಿಯ ಮೇಸ್ತ್ರಿಯ ಬಾಯಲ್ಲೂ ಇರುವ ಹೆಸರು ಅದೇ. ತೊಟ್ಟಿಯಲ್ಲಿ ಹುಟ್ಟಿದ ಅನಿಲದಿಂದ ಅಲ್ಲಿ ದೀಪಗಳನ್ನೂ ಉರಿಸಿದರು. ಕ್ಯಾಮೆರಾನನ ಯೋಜನೆಯಲ್ಲಿ ಎರಡು ಭಾಗಗಳಿದ್ದವು. ಮೊದಲು ಮುಚ್ಚಿದ ತೊಟ್ಟಿ. ಅಲ್ಲಿ ಗಾಳಿಯಿಲ್ಲದೆ ಬದುಕುವ ಅಣುಜೀವಿಗಳು ಗಟ್ಟಿ ಪದಾರ್ಥವನ್ನು ಕರಗಿಸುತ್ತವೆ. ಆಮೇಲೆ ಗಾಳಿಯಾಡುವ ಸೋಸುಮಡಿಗಳು. ಅಲ್ಲಿ ಗಾಳಿಯನ್ನು ಬಯಸುವ ಅಣುಜೀವಿಗಳು ನೀರನ್ನು ಶುದ್ಧಿಮಾಡುತ್ತವೆ. ತೊಟ್ಟಿಯಿಂದ ಹೊರಡುವ ನೀರು ನೋಡುವುದಕ್ಕೆ ತುಸು ತಿಳಿಯಾಗಿದ್ದರೂ ಶುದ್ಧವಾದ ನೀರಲ್ಲ. ಅದರಲ್ಲಿ ಅಮೋನಿಯವಿದೆ, ದುರ್ಗಂಧವಿದೆ, ರೋಗಾಣುಗಳಿವೆ. ತೊಟ್ಟಿ ಅರ್ಧ ಕೆಲಸ, ಮಡಿ ಉಳಿದರ್ಧ ಕೆಲಸ.

ಜನ ತೊಟ್ಟಿಯನ್ನು ನೆನಪಿಟ್ಟುಕೊಂಡು ಮಡಿಯನ್ನು ಮರೆತರು. ಕಣ್ಣಿಗೆ ಕಾಣದಂತೆ ಹೊಲಸನ್ನು ನುಂಗುವ ಪೆಟ್ಟಿಗೆಯೆಂಬ ಕೀರ್ತಿ ತೊಟ್ಟಿಗೆ ಬಂತು. ಅಮೆರಿಕದಲ್ಲಂತೂ ಕ್ಯಾಮೆರಾನನ ಪೇಟೆಂಟನ್ನು ಪಡೆದ ಕಂಪನಿ ತೊಟ್ಟಿ ಕಟ್ಟಿಸಿಕೊಂಡ ಸಣ್ಣ ಊರುಗಳ ಮೇಲೆ ದಾವೆ ಹೂಡಿತು. ಸಾರಟೋಗ ಸ್ಪ್ರಿಂಗ್ಸ್ ಎಂಬ ಗ್ರಾಮದ ವಿರುದ್ಧ 1908ರಲ್ಲಿ ಕಂಪನಿಯ ಪರವಾಗಿ ತೀರ್ಪಾಯಿತು. ಕೊಳೆಯುವುದು ಪ್ರಕೃತಿಯ ಧರ್ಮ. ಅದಕ್ಕೂ ಬಾಡಿಗೆ ಕೊಡಬೇಕೆ ಎಂದು ಊರುಗಳು ಕೇಳಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ 1913ರಲ್ಲಿ, ಅಯೋವ ಸಂಸ್ಥಾನದ ನಾಕ್ಸ್‌ವಿಲ್ ಎಂಬ ಊರಿನ ಮೊಕದ್ದಮೆಯಲ್ಲಿ, ಬ್ರಿಟಿಷ್ ಪೇಟೆಂಟಿನ ಅವಧಿ ಮುಗಿದಾಗಲೇ ಅಮೆರಿಕದ ಪೇಟೆಂಟೂ ಮುಗಿಯಿತೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅಲ್ಲಿಂದಾಚೆಗೆ ಸೆಪ್ಟಿಕ್ ಟ್ಯಾಂಕು ಎಲ್ಲರ ಸೊತ್ತಾಯಿತು.

ಅಷ್ಟರೊಳಗೆ ಇಂಗ್ಲೆಂಡಿನಲ್ಲಿ 1898ರಲ್ಲಿ ನೇಮಕವಾದ ರಾಯಲ್ ಕಮಿಷನ್ ಈ ತೊಟ್ಟಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿತ್ತು. ತೊಟ್ಟಿಯೊಳಗೆ ಗಟ್ಟಿ ಪದಾರ್ಥವೆಲ್ಲ ಕರಗುವುದಿಲ್ಲ. ಒಂದು ಪಾಲು ಮಾತ್ರ ಕರಗಿ ಉಳಿದದ್ದು ಗಸಿಯಾಗಿ ನಿಲ್ಲುತ್ತದೆ. ಅದನ್ನು ಕಾಲಕಾಲಕ್ಕೆ ತೆಗೆಯಲೇಬೇಕು ಎಂಬುದು ಅದರಿಂದ ಸ್ಪಷ್ಟವಾಯಿತು. 1912ರ ತನ್ನ ಎಂಟನೆಯ ವರದಿಯಲ್ಲಿ ಅದೇ ಆಯೋಗ ಇನ್ನೊಂದು ಮಹತ್ತ್ವದ ಮಾತನ್ನು ಹೇಳಿತು. ನದಿಗೆ ಬಿಡುವ ನೀರಿನಲ್ಲಿ ಹತ್ತು ಲಕ್ಷ ಪಾಲಿಗೆ 30ಕ್ಕಿಂತ ಹೆಚ್ಚು ತೇಲುಕಣಗಳಿರಬಾರದು; ಆ ನೀರು ಐದು ದಿನಗಳಲ್ಲಿ ಹೀರುವ ಆಮ್ಲಜನಕ 20 ಪಾಲನ್ನು ಮೀರಬಾರದು; ಆ ನೀರಿಗೆ ಎಂಟು ಪಟ್ಟಾದರೂ ಶುದ್ಧ ನೀರು ನದಿಯಲ್ಲಿರಬೇಕು. ಜಗತ್ತಿನ ಬಹುಪಾಲು ನಿಯಮಗಳಿಗೆ ಇದು ಮೂಲವಾಯಿತು. ಬಳಸಿದ ನೀರನ್ನು ಹೊರಬಿಡುವುದಕ್ಕೂ ಅಪ್ಪಣೆ ಬೇಕು ಎಂಬ ತತ್ತ್ವಕ್ಕೆ ಅಂಕಿಯ ರೂಪ ಸಿಕ್ಕಿದ್ದು ಹೀಗೆ. ಎಂಟು ಪಟ್ಟು ಎಂಬ ಮಾತು ನಮ್ಮ ಕಿವಿಯಲ್ಲಿರಬೇಕು. ಬೇಸಗೆಯಲ್ಲಿ ಬತ್ತುವ ನಮ್ಮ ಬಯಲುಸೀಮೆಯ ಹಳ್ಳದಲ್ಲಿ ಎಂಟು ಪಟ್ಟಿರಲಿ, ಒಂದು ಪಟ್ಟು ನೀರೂ ಇರುವುದಿಲ್ಲ. ಹಳ್ಳದಲ್ಲಿ ಹರಿಯುವುದೆಲ್ಲ ಬಿಟ್ಟ ಕೊಳೆಯೇ.

ಭಾರತದಲ್ಲಿ ಸೆಪ್ಟಿಕ್ ಟ್ಯಾಂಕಿನ ಆರಂಭದ ಪ್ರಯೋಗಗಳಲ್ಲೊಂದು ನಡೆದದ್ದು ಸಮಾಜ ದೂರವಿಟ್ಟಿದ್ದ ಜನರ ಒಂದು ಪುಟ್ಟ ವಸತಿಯಲ್ಲಿ. ಮುಂಬಯಿಯ ಹೊರವಲಯವಾಗಿದ್ದ ಮಾಟುಂಗದಲ್ಲಿ 1890ರಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯ ಆರಂಭವಾಗಿತ್ತು. ಅಲ್ಲಿ 1897ರಲ್ಲಿ ಕಟ್ಟಿದ ತೊಟ್ಟಿಗಳಿಂದ ಅನಿಲವನ್ನು ಹಿಡಿದು ಯಂತ್ರ ನಡೆಸುವುದಕ್ಕೆ ಬಳಸಿದರು. ನೀರನ್ನು ಅಲ್ಲಿನ ಭೂಮಿಗೇ ಹಾಯಿಸಿದರು. ಮುಂಬಯಿಯ ಒಳಚರಂಡಿಯ ಎಂಜಿನಿಯರ್ ಜೇಮ್ಸ್ ಪೂರ್ವದೇಶಗಳ ಚರಂಡಿಗಳನ್ನು ಕುರಿತ ತನ್ನ ಪುಸ್ತಕಗಳಲ್ಲಿ ಇಂಥ ಅನುಭವಗಳನ್ನು ದಾಖಲಿಸಿದ. ಒಂದು ಸಣ್ಣ ಸಮುದಾಯ ತನ್ನ ಕೊಳೆಯಿಂದ ಬೆಂಕಿಯನ್ನೂ ಬೆಳೆಯನ್ನೂ ಪಡೆಯಬಹುದೆಂಬುದನ್ನು, ಯಾರ ಸ್ಪರ್ಶಕ್ಕೆ ಜನ ಅಂಜುತ್ತಿದ್ದರೋ ಅವರ ನೆಲೆ ತೋರಿಸಿಕೊಟ್ಟಿತು.

ಕನ್ನಡ ನಾಡಿಗೂ ಈ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಕೊಳೆನೀರಿನೊಳಕ್ಕೆ ಗಾಳಿಯನ್ನು ಊದಿ, ತಳಕ್ಕಿಳಿದ ಗಸಿಯನ್ನು ಎಸೆಯದೆ ಮುಂದಿನ ನೀರಿಗೆ ಹೆಪ್ಪಿನಂತೆ ಬೆರೆಸಿ, ಕೆಲವೇ ಗಂಟೆಗಳಲ್ಲಿ ಶುದ್ಧಿಮಾಡುವ ವಿಧಾನವನ್ನು ಪ್ರಕಟಿಸಿದರು. ಹಾಲಿಗೆ ನಿನ್ನೆಯ ಮೊಸರನ್ನು ಹೆಪ್ಪು ಹಾಕುವ ಗೃಹಿಣಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಶೋಧನೆಯ ಹಿಂದೆ ನಿಂತು ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳೆಯಲ್ಲಿರುವ ಸಾರಜನಕ ಹಾಳಾಗದೆ ಹೊಲಕ್ಕೆ ಮರಳಬೇಕೆಂಬ ಆಸಕ್ತಿ ಅವರದು. ಅದೇ ಸಂಸ್ಥೆಯಲ್ಲಿ ಮುಂದೆ ವಿ. ಸುಬ್ರಹ್ಮಣ್ಯನ್ ಮತ್ತು ಎಸ್. ಸಿ. ಪಿಳ್ಳೈ ಅವರು ಕೊಳೆನೀರನ್ನು ತಿಳಿಯಾಗಿಸುವುದರಲ್ಲಿ ಬ್ಯಾಕ್ಟೀರಿಯಗಳಷ್ಟೇ ಅಲ್ಲದೆ ಅವುಗಳಿಗಿಂತ ದೊಡ್ಡವಾದ ಏಕಕೋಶಜೀವಿಗಳ ಪಾತ್ರವೂ ಇದೆಯೆಂದು ವಾದಿಸಿದರು; ಆ ವಿಚಾರ 1942ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1939ರಲ್ಲಿ ಸಿ. ಎನ್. ಆಚಾರ್ಯ ಅವರು ಅಲ್ಲಿಯೇ ರೂಪಿಸಿದ ಗೊಬ್ಬರದ ವಿಧಾನ ಬೆಂಗಳೂರು ಪದ್ಧತಿಯೆಂದೇ ಹೆಸರಾಯಿತು. ಗುಂಡಿಯಲ್ಲಿ ಊರ ಕಸದ ಒಂದು ಪದರ, ಅದರ ಮೇಲೆ ಮಲದ ತೆಳುಪದರ, ಮತ್ತೆ ಕಸ. ಹೀಗೆ ತುಂಬಿ ಮೇಲೆ ಮಣ್ಣು ಮೆತ್ತಿ ನಾಲ್ಕಾರು ತಿಂಗಳು ಬಿಟ್ಟರೆ ಒಳಗಿನ ಕಾವಿಗೆ ರೋಗಾಣುಗಳು ಸತ್ತು ಉತ್ತಮ ಗೊಬ್ಬರವಾಗುತ್ತದೆ. ಮಗುಚುವ ಕೆಲಸವಿಲ್ಲ. ಸಣ್ಣ ಪುರಸಭೆಗಳಿಗೆ ಹೇಳಿ ಮಾಡಿಸಿದ ಉಪಾಯ. ಆದರೆ ಆ ಗುಂಡಿಯವರೆಗೆ ಮಲ ತಲಪುತ್ತಿದ್ದುದು ಮನುಷ್ಯರ ದುಡಿಮೆಯಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಗಾಳಿ ಊದುವ ಯಂತ್ರ ದೊಡ್ಡ ನಗರಗಳಿಗೆ ಸರಿ. ಹಳ್ಳಿಗೆ ಅದನ್ನು ನಡೆಸುವ ಎಂಜಿನಿಯರನನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಹಾಲೆಂಡಿನ ಪಾಸ್‌ವೇರ್ 1954ರಲ್ಲಿ ಒಂದು ಸರಳವಾದ ಉತ್ತರ ಕೊಟ್ಟ. ವೋರ್ಸ್ಕೋಟನ್ ಎಂಬಲ್ಲಿ 360 ಜನರ ಕೊಳೆನೀರಿಗೆ ಆತ ರೂಪಿಸಿದ್ದು ಉಂಗುರದಾಕಾರದ ಒಂದು ಕಾಲುವೆ, ನೀರನ್ನು ಕೆದರಿ ಗಾಳಿ ಬೆರೆಸುತ್ತ ಸುತ್ತಿಸುವ ಒಂದು ಸುತ್ತುಬುರುಡೆ, ಇಷ್ಟೇ. ಜರ್ಮನಿಯ ಕೇಟೆ ಜೈಡೆಲ್ ಎಂಬ ವಿದುಷಿ 1950ರ ದಶಕದಿಂದ ಜೊಂಡುಹುಲ್ಲಿನ ಮಡಿಗಳಲ್ಲಿ ಕೊಳೆನೀರನ್ನು ಸೋಸುವ ಪ್ರಯೋಗಗಳನ್ನು ನಡೆಸಿದಳು. ನಮ್ಮ ನಾಗಪುರದ ಸಂಶೋಧನ ಸಂಸ್ಥೆ ಬಿಸಿಲು ಧಾರಾಳವಾಗಿರುವ ಈ ದೇಶಕ್ಕೆ ಆಳವಿಲ್ಲದ ಕೊಳಗಳೇ ತಕ್ಕವೆಂದು ತೋರಿಸಿತು. ಅಲ್ಲಿ ಪಾಚಿ ಬಿಸಿಲಿನಲ್ಲಿ ಬೆಳೆದು ಆಮ್ಲಜನಕವನ್ನು ಕೊಡುತ್ತದೆ, ಅಣುಜೀವಿಗಳು ಅದನ್ನು ಉಸಿರಾಡಿ ಕೊಳೆಯನ್ನು ತಿನ್ನುತ್ತವೆ. ಹೀಗೆ ಎರಡನೆಯ ಪ್ರಶ್ನೆಗೆ ಸಣ್ಣ ಊರಿಗೆ ಒಗ್ಗುವ ಉತ್ತರಗಳು ಒಂದಲ್ಲ, ಹಲವು ದೊರೆತವು.

ಇನ್ನು ಉಳಿದದ್ದು ಮೂರನೆಯ ಪ್ರಶ್ನೆ. ಗಸಿಯನ್ನು ಎತ್ತುವವರು ಯಾರು? ತಾನೇ ತಾನಾಗಿ ಕೆಲಸ ಮಾಡುವ ಜಾಡಮಾಲಿಯೆಂದು ಮೂರಾಸನ ತೊಟ್ಟಿಗೆ ಹೆಸರಿಟ್ಟವರು ಈ ಪ್ರಶ್ನೆಯೇ ಇಲ್ಲವೆಂದು ಭಾವಿಸಿದ್ದರು. ನಮ್ಮಲ್ಲಿ ತೊಟ್ಟಿ ಬಂದ ಮೇಲೂ ಜಾಡಮಾಲಿ ಉಳಿದ; ತಲೆಯ ಮೇಲಿನ ಬುಟ್ಟಿ ಇಳಿದ ಕಡೆಯಲ್ಲಿ ಆತ ತಾನೇ ತೊಟ್ಟಿಯೊಳಕ್ಕೆ ಇಳಿಯಬೇಕಾಯಿತು. ಮುಚ್ಚಿದ ತೊಟ್ಟಿಯಲ್ಲಿ ಉರಿಯುವ ಮೀಥೇನ್ ಅನಿಲವಷ್ಟೇ ಹುಟ್ಟುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವೂ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದು ಮೊದಲು ತನ್ನ ಗುರುತು ತೋರಿಸುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ, ಎಚ್ಚರಿಕೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಒಬ್ಬ ಬಿದ್ದನೆಂದು ಅವನನ್ನು ಎತ್ತಲು ಇನ್ನೊಬ್ಬ ಇಳಿದು, ಇಬ್ಬರೂ ಮೂವರೂ ಸತ್ತ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ.

ಇದರ ವಿರುದ್ಧ ಕನ್ನಡ ನಾಡಿನಲ್ಲಿ ಎದ್ದ ಧೀರ ಧ್ವನಿಯನ್ನು ನೆನೆಯಬೇಕು. 1970ರ ದಶಕದ ಮೊದಲ ವರ್ಷಗಳಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 1993ರಲ್ಲಿ. ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳೊಳಕ್ಕೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಅಪರಾಧವೆಂದು ಸಾರಿದ ಕಾನೂನು 2013ರದು. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞೆ ಮಾಡಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದುದೇ ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಈ ಪ್ರಶ್ನೆಗೂ ಉತ್ತರವಿಲ್ಲದಿಲ್ಲ. ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಸ್ಥಾಪಿಸಿದ ಸುಲಭ್ ಸಂಸ್ಥೆ ಪ್ರಚಾರಕ್ಕೆ ತಂದ ಎರಡು ಗುಂಡಿಗಳ ಕಕ್ಕಸು ಅಂಥ ಒಂದು ಉತ್ತರ. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಬೇಕು. ಮುಚ್ಚಿದ ಗುಂಡಿಯ ನೀರು ಸುತ್ತಲಿನ ಮಣ್ಣಿಗೆ ಇಂಗಿ, ಒಂದೆರಡು ವರ್ಷಗಳಲ್ಲಿ ಉಳಿದದ್ದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಅದನ್ನು ಮನೆಯ ಯಜಮಾನನೇ ತನ್ನ ಗುದ್ದಲಿಯಿಂದ ತೆಗೆದು ತನ್ನ ತೋಟಕ್ಕೆ ಹಾಕಬಹುದು. ಫಾರ್ಡಿಂಗ್ಟನ್ನಿನ ಪಾದ್ರಿ ತೋಟದಲ್ಲಿ ಕಂಡದ್ದೂ ಇದನ್ನೇ. ಸೆಪ್ಟಿಕ್ ಟ್ಯಾಂಕುಗಳಿರುವ ಊರಿಗೆ ದೇವನಹಳ್ಳಿಯ ದಾರಿಯಿದೆ. ಬೆಂಗಳೂರಿಗೆ ಹತ್ತಿರದ ಆ ಸಣ್ಣ ಪಟ್ಟಣದಲ್ಲಿ ಒಳಚರಂಡಿಯಿರಲಿಲ್ಲ. 2015ರಲ್ಲಿ ಅಲ್ಲಿ ಮನೆಮನೆಯ ಗುಂಡಿಗಳ ಗಸಿಯನ್ನು ಯಂತ್ರದ ಗಾಡಿಯಿಂದ ಹೀರಿ ತಂದು, ಒಂದೆಡೆ ಸಂಸ್ಕರಿಸಿ, ಒಣಗಿಸಿ ಗೊಬ್ಬರಕ್ಕೆ ಒದಗಿಸುವ ಕೇಂದ್ರ ಆರಂಭವಾಯಿತು. ದೇಶದಲ್ಲಿ ಇಂಥ ಕೇಂದ್ರಗಳಿಗೆ ಅದು ಮೇಲ್ಪಂಕ್ತಿ. ಸುತ್ತಲಿನ ಹತ್ತಾರು ಹಳ್ಳಿಗಳು ಕೂಡಿ ಇಂಥ ಒಂದು ಗಾಡಿಯನ್ನೂ ಒಂದು ಕೇಂದ್ರವನ್ನೂ ಇಟ್ಟುಕೊಳ್ಳುವುದು ಆಗದ ಕೆಲಸವಲ್ಲ.

ಈ ಚರಿತ್ರೆ ಇಂದು ನಮ್ಮ ಹಳ್ಳಿಗಳಿಗೆ ಅತ್ಯಗತ್ಯವಾಗಿದೆ. 2014ರಿಂದ ನಡೆದ ಸ್ವಚ್ಛ ಭಾರತ ಕಾರ್ಯದಲ್ಲಿ ಮನೆಮನೆಗೆ ಕಕ್ಕಸುಗಳು ಬಂದವು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಮನೆಯ ನಲ್ಲಿಗೆ ನೀರು ತರುವ ಗುರಿಯನ್ನಿಟ್ಟುಕೊಂಡಿತು. ಹೆಂಗಸರ ತಲೆಯಿಂದ ಕೊಡ ಇಳಿಯುವುದು ಸಂತೋಷದ ಸಂಗತಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಸಾವಿರ ಜನರ ಊರಿಗೆ ದಿನಕ್ಕೆ 55,000 ಲೀಟರ್ ನೀರು ಬಂದರೆ, ಎಂಜಿನಿಯರುಗಳ ರೂಢಿಯ ಲೆಕ್ಕದಂತೆ ಅದರ ಐದರಲ್ಲಿ ನಾಲ್ಕು ಪಾಲು, ಅಂದರೆ 44,000 ಲೀಟರ್, ಕೊಳೆಯಾಗಿ ಹೊರಬೀಳುತ್ತದೆ. ಹಿತ್ತಲುಗಳು ಕಿರಿದಾಗಿವೆ, ಬೀದಿಗಳು ಕಾಂಕ್ರೀಟಾಗಿವೆ. ನೀರು ಕಡಮೆ, ಮಣ್ಣು ಧಾರಾಳ, ನಡುವೆ ಬಿಡುವು ಎಂಬ ಹಳೆಯ ಮೂರು ಕಾರಣಗಳಲ್ಲಿ ಒಂದೂ ಉಳಿದಿಲ್ಲ. ಅನೇಕ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ಹೊರಕೊಳವೆಯನ್ನು ಇಂಗುಗುಂಡಿಗೆ ಸೇರಿಸದೆ ನೇರವಾಗಿ ಬೀದಿಯ ಚರಂಡಿಗೆ ತಿರುಗಿಸಿರುತ್ತಾರೆ. ಚರಂಡಿ ಕೆರೆಗೆ ಹೋಗುತ್ತದೆ, ಕೆರೆಯ ಕೆಳಗೆ ಕುಡಿಯುವ ನೀರಿನ ಕೊಳವೆಬಾವಿ ಇರುತ್ತದೆ. ಕ್ಯಾಮೆರಾನನ ತೊಟ್ಟಿಯನ್ನು ತಂದು ಅವನ ಮಡಿಯನ್ನು ಬಿಟ್ಟುದರ ಫಲವಿದು.

ಆದ್ದರಿಂದ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ನೀರಿನ ನಲ್ಲಿಯ ವಿಷಯ ಬಂದಾಗಲೆಲ್ಲ ಕೊಳೆನೀರಿನ ಮೂರು ಪ್ರಶ್ನೆಗಳೂ ಜೊತೆಗೇ ಬರಬೇಕು. ತೊಟ್ಟಿ ಎಲ್ಲಿ, ತೊಟ್ಟಿಯಿಂದ ಹೊರಟ ನೀರು ಇಂಗುವ ನೆಲವೋ ಸೋಸುವ ಜೊಂಡಿನ ಮಡಿಯೋ ಎಲ್ಲಿ, ಕಾಲಕಾಲಕ್ಕೆ ಗಸಿಯನ್ನು ಹೀರುವ ಯಂತ್ರ ಯಾವುದು, ಅದರ ಖರ್ಚು ಯಾರದು? ಮೊದಲೆರಡಕ್ಕೆ ಬೇಕಾದ ವಿದ್ಯೆ ನೂರು ವರ್ಷಕ್ಕೂ ಹಳೆಯದು. ಅದರಲ್ಲಿ ಒಂದು ಪಾಲು ನಮ್ಮ ಬೆಂಗಳೂರಿನಲ್ಲಿಯೇ ಬೆಳೆದದ್ದು. ಮೂರನೆಯದಕ್ಕೆ ಬೇಕಾದದ್ದು ವಿದ್ಯೆಗಿಂತ ಹೆಚ್ಚಾಗಿ ನಿರ್ಧಾರ. ತನ್ನ ತೊಟ್ಟಿಯೊಳಕ್ಕೆ ಯಾವ ಮನುಷ್ಯನನ್ನೂ ಇಳಿಸುವುದಿಲ್ಲವೆಂದು ಒಂದು ಊರು ಮೊದಲು ನಿರ್ಧರಿಸಿದರೆ, ತೊಟ್ಟಿಯನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು, ಅದರ ಮುಂದೆ ಗಾಡಿ ಬರಲು ದಾರಿ ಎಷ್ಟು ಅಗಲವಿರಬೇಕು ಎಂಬ ಉಳಿದ ಸಂಗತಿಗಳೆಲ್ಲ ಆ ನಿರ್ಧಾರವನ್ನು ಅನುಸರಿಸಿ ಬರುತ್ತವೆ.